ಒಂಟಿ ಲೆನ್ಸೂ ದಾನಮ್ಮನ ಇಳಿಯೂ

ದಾವಣಗೆರೆಯ ಚೌಕಿಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಕೆಂಚವೀರಪ್ಪನಿಗೆ ಚಾಳೀಸು ಬಂದಿರಲಿಲ್ಲ. ಹಾಗೆಂದು ಹೇಳುತ್ತಿದ್ದವನು ಅವನೊಬ್ಬನೇ. ಆದರೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಹಾಕುವವರೆಗೂ ಹೇಳುತ್ತಿದ್ದುದರಿಂದ ಪೇಟೆಯ ಅರ್ಧ ಜನ ನಂಬಿದ್ದರು. ಉಳಿದರ್ಧ ಜನಕ್ಕೆ ಅವನ ಕಣ್ಣಿನ ಉಸಾಬರಿ ಬೇಕಿರಲಿಲ್ಲ. ಪೇಪರನ್ನು ತೋಳುದ್ದ ದೂರ ಹಿಡಿದು ಓದುವುದು ಅವನ ಪ್ರಕಾರ ಗತ್ತು. ಮೊಬೈಲನ್ನು ಮೊಣಕಾಲಿನ ಮೇಲಿಟ್ಟು ಹಿಂದಕ್ಕೆ ವಾಲಿ ನೋಡುವುದು ಬೆನ್ನಿಗೆ ವ್ಯಾಯಾಮ. ಸೂಜಿಗೆ ದಾರ ಪೋಣಿಸಿಕೊಡಿ ಎಂದು ಹೆಂಡತಿ ಕೇಳಿದರೆ ಮಾತ್ರ ಅವನಿಗೆ ಅಂಗಡಿಯಲ್ಲಿ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು.

"ನಮ್ಮಪ್ಪ ಸಾಯೋತನಕ ಚಾಳೀಸು ಮುಟ್ಲಿಲ್ಲ ಕಣ್ರಿ. ನಮ್ಮ ವಂಶದ ಕಣ್ಣೇ ಹಂಗೆ," ಎನ್ನುತ್ತಿದ್ದ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ ಎಂಬ ಚಿಕ್ಕ ಸಂಗತಿಯನ್ನು ಮಾತ್ರ ಹೇಳುತ್ತಿರಲಿಲ್ಲ.

ಕಣ್ಣಿನ ಮೇಲೆ ಅವನಿಗೆ ಇಷ್ಟು ಅಭಿಮಾನ ಇರುವುದಕ್ಕೆ ಕಾರಣವಿತ್ತು. ಪಾತ್ರೆಯನ್ನು ಯಾರು ಬೇಕಾದರೂ ಮಾರುತ್ತಾರೆ. ಪಾತ್ರೆಯ ಮೇಲೆ ಹೆಸರು ಬರೆಯುವುದರಲ್ಲಿ ಮಾತ್ರ ಕೆಂಚವೀರಪ್ಪನನ್ನು ಮೀರಿಸುವವರು ಇರಲಿಲ್ಲ. ಹದಡಿ, ಲೋಕಿಕೆರೆ ಕಡೆಯ ಮದುವೆಗಳಿಗೆ ಹೋಗುವ ಬಿಂದಿಗೆ, ತಟ್ಟೆ, ತಂಬಿಗೆಗಳ ಮೇಲೆ 'ಸೋದರಮಾವನಿಂದ' ಎಂದೋ 'ಅತ್ತೆಯವರ ಆಶೀರ್ವಾದಗಳು' ಎಂದೋ ಮುತ್ತು ಪೋಣಿಸಿದ ಹಾಗೆ ಬರೆದುಕೊಡುತ್ತಿದ್ದ. ಮಷಿನ್ನು ಗುಂಯ್ ಎಂದರೆ ಸಾಕು, ಗಿರಾಕಿಗಳು ಮಾತು ನಿಲ್ಲಿಸಿ ನೋಡುತ್ತ ನಿಲ್ಲುತ್ತಿದ್ದರು. ಇತ್ತೀಚೆಗೆ ಅವನು ಬರೆಯುತ್ತಿದ್ದುದು ಕಣ್ಣಿನಿಂದಲ್ಲ, ಕೈಯ ಅಭ್ಯಾಸದಿಂದ. ಅಭ್ಯಾಸ ಎನ್ನುವುದು ಒಳ್ಳೆಯ ಎತ್ತಿದ್ದ ಹಾಗೆ, ದಾರಿ ತಾನೇ ಹಿಡಿಯುತ್ತದೆ. ಆದರೆ ಒಮ್ಮೊಮ್ಮೆ ಪಕ್ಕದವರ ಹೊಲಕ್ಕೂ ನುಗ್ಗುತ್ತದೆ.

ಹಾಗೆ ನುಗ್ಗಿದ್ದು ಹರಿಹರದ ಬೀಗರ ಹೊಲಕ್ಕೆ.

ಕೆಂಚವೀರಪ್ಪನ ಮಗಳು ಕೃತಿಕಾ ಮತ್ತು ಹರಿಹರದ ಶಿವಕುಮಾರ ವಿದ್ಯಾನಗರದ ಕಾಲೇಜಿನಲ್ಲಿ ಓದುವಾಗಲೇ ಒಬ್ಬರನ್ನೊಬ್ಬರು ಒಪ್ಪಿದ್ದರು. ಎರಡೂ ಮನೆಯ ಹಿರಿಯರು ಒಪ್ಪುವುದಕ್ಕೆ, ಪದವಿ ಮುಗಿಸಲು ಹಿಡಿದದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಕೊನೆಗೆ ಎಲ್ಲ ಕೂಡಿಬಂದು, ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹರಿಹರಕ್ಕೆ ಹೋದಾಗ, ಹುಡುಗನ ತಾಯಿ ದಾನಮ್ಮನಿಗೆಂದು ಕೆಂಚವೀರಪ್ಪ ಒಂದು ಭಾರವಾದ ತಾಮ್ರದ ಕೊಡ ಒಯ್ದಿದ್ದ. ಅದರ ಮೇಲೆ ತಾನೇ ಹೆಸರು ಬರೆದಿದ್ದ.

"ಎಷ್ಟು ಚಂದ ಬರ್ದೀರಿ ಬೀಗ್ರ!" ಎಂದು ದಾನಮ್ಮ ಕೊಡದ ಮೇಲೆ ಕೈಯಾಡಿಸಿದ್ದಳು.

"ಚಾಳೀಸಿಲ್ದೆ ಬರ್ದಿದ್ದು ಬೀಗ್ತಿ. ಈಗಿನ ಕಾಲದಾಗ ನಲ್ವತ್ತಕ್ಕೇ ಮೂಗಿನ ಮ್ಯಾಲೆ ಏರಿಸ್ಕೊಂಡ್ ಕೂಡ್ತಾರ. ನೋಡಾಕ ಮುದುಕ್ರ ಥರ ಕಾಣ್ತಾರ," ಎಂದಿದ್ದ ಕೆಂಚವೀರಪ್ಪ. ದಾನಮ್ಮ ಏನೋ ನೆನಪಾದವಳಂತೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿದ್ದಳು.

ಮರುದಿನ ಅಲ್ಲಿ ತೆಗೆದ ಫೋಟೋಗಳು ಮೊಬೈಲಿಗೆ ಬಂದವು. ಕೃತಿಕಾ ಒಂದನ್ನು ದೊಡ್ಡದು ಮಾಡಿ ಅಪ್ಪನ ಮುಂದೆ ಹಿಡಿದಳು.

"ಅಪ್ಪಾಜಿ, ಇದೇನು ಬರ್ದೀರಿ ಓದ್ರಿ."

ಕೆಂಚವೀರಪ್ಪ ಹಿಂದಕ್ಕೆ ವಾಲಿದ. ಇನ್ನೂ ವಾಲಿದ. ಗೋಡೆ ಸಿಕ್ಕಿತು. ಮಗಳು ಅಕ್ಷರಗಳನ್ನು ಹಲಸಿನ ಹಣ್ಣಿನಷ್ಟು ದೊಡ್ಡದು ಮಾಡಿದಳು. ಆಗ ಕಂಡಿತು. ದ ಅಕ್ಷರಕ್ಕೆ ಇಳಿ ಕೊಟ್ಟರೆ ದಾ ಆಗುತ್ತದೆ ಎಂದು ಒಂದನೇ ಕ್ಲಾಸಿನಲ್ಲಿ ಕಿವಿ ಹಿಂಡಿ ಕಲಿಸಿದ್ದರು. ಆ ಇಳಿ ಕೊಡದ ಮೇಲೆ ಇರಲಿಲ್ಲ.

"ದನಮ್ಮನವರಿಗೆ, ಪ್ರೀತಿಯಿಂದ," ಎಂದು ಓದಿದಳು ಕೃತಿಕಾ. "ನಮ್ಮತ್ತೆ ಆಗೋರನ್ನ ದನ ಮಾಡಿಟ್ಟೀರಿ."

ಒಂದು ಸಣ್ಣ ಗೀಟು. ಅದು ಇದ್ದರೆ ದಾನ, ಇಲ್ಲದಿದ್ದರೆ ದನ. ಅದೂ ಸಾಲದೆಂಬಂತೆ, ಕೆಂಚವೀರಪ್ಪ ಮುಂದಿನ ಭಾನುವಾರದ ನಿಶ್ಚಿತಾರ್ಥಕ್ಕೆ ಬೀಗರಿಬ್ಬರ ಹೆಸರು ಬರೆದ ಬೆಳ್ಳಿ ತಟ್ಟೆ ಕೊಡುವುದಾಗಿ ಬಾಯಿಬಿಟ್ಟು ಬಂದಿದ್ದ.

"ಅವರು ಓದ್ಯಾರೇನು?" ಎಂದ ಮೆಲ್ಲಗೆ.

"ಇನ್ನೂ ಇಲ್ಲಂತೆ. ಶಿವುಗೆ ಹೇಳೀನಿ, ಹೆಸರು ಗೋಡೆ ಕಡೆ ಮಾಡಿಡ್ತಾನ. ಅವರಮ್ಮ ಬಂದು ಮತ್ತೆ ಮುಂದಕ್ಕೆ ತಿರುಗಿಸ್ತಾರಂತೆ. ಎಷ್ಟು ದಿನ ನಡೀತೈತೆ ಇದು? ನಡೀರಿ, ಚಾಳೀಸು ಕೊಡಿಸ್ತೀನಿ."

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿದವಳು ಗುಲ್ನಾಜ್ ಎಂಬ ತಾಳ್ಮೆಯ ಹುಡುಗಿ.

"ದೂರದ್ದು ಚೆನ್ನಾಗೇ ಕಾಣ್ತೈತೆ ಸರ್. ಹತ್ತಿರದ್ದಷ್ಟೇ ತೊಂದ್ರೆ. ವಯಸ್ಸಾದಂಗೆ ಎಲ್ರಿಗೂ ಬರೋದೇ. ಚಾಳೀಸು ಅಂತಾರಲ್ಲ..."

"ಆ ಮಾತು ಬ್ಯಾಡ್ರಿ," ಎಂದು ಕೆಂಚವೀರಪ್ಪ ಬಾಗಿಲ ಕಡೆ ನೋಡಿದ. "ಕಾಣದಂಗೆ ಏನಾದ್ರೂ ಐತೇನು?"

"ಕಾಣದಂಗಾ?"

"ಜನಕ್ಕೆ ಕಾಣದಂಗೆ, ತಾಯಿ. ನನಗೆ ಕಾಣ್ಬೇಕು."

ಗುಲ್ನಾಜ್ ನಗು ನುಂಗಿಕೊಂಡು ಕಾಂಟ್ಯಾಕ್ಟ್ ಲೆನ್ಸಿನ ಡಬ್ಬಿ ತೆಗೆದಳು. "ಎರಡು ಥರ ಐತೆ ಸರ್. ಒಂದು, ಎರಡೂ ಕಣ್ಣಿಗೆ ಹಾಕೋದು. ದೂರದ ಪವರ್ರು, ಹತ್ತಿರದ ಪವರ್ರು ಎರಡೂ ಒಂದೇ ಲೆನ್ಸಿನಾಗ ಇರ್ತಾವ. ಇನ್ನೊಂದು, ಒಂದೇ ಕಣ್ಣಿಗೆ ಹಾಕೋದು. ಲೆನ್ಸ್ ಇರೋ ಕಣ್ಣು ಹತ್ತಿರದ್ದು ನೋಡ್ತೈತೆ, ಬರೀ ಕಣ್ಣು ದೂರದ್ದು ನೋಡ್ತೈತೆ. ಎರಡನ್ನೂ ಹೊಂದಿಸ್ಕೊಳ್ಳೋದು ಮೆದುಳಿನ ಕೆಲಸ. ಕೆಲವ್ರಿಗೆ ಒಗ್ತೈತೆ, ಕೆಲವ್ರಿಗೆ ಒಗ್ಗಲ್ಲ. ಮೊದ್ಲು ಟ್ರಯಲ್ ನೋಡ್ರಿ. ಆದ್ರೆ ನನ್ನ ಕೇಳಿದ್ರೆ, ಓದೋವಾಗಷ್ಟೇ ಒಂದು ಕನ್ನಡಕ..."

"ಒಂಟಿ ಲೆನ್ಸೇ ಕೊಡ್ರಿ," ಎಂದ ಕೆಂಚವೀರಪ್ಪ. ಎರಡು ಕಣ್ಣೂ ಒಂದೇ ಕೆಲಸ ಮಾಡುತ್ತ ಇಷ್ಟು ವರ್ಷ ಸಂಬಳ ತಿಂದಿವೆ, ಇನ್ನು ಮೇಲೆ ಹಂಚಿಕೊಂಡು ದುಡಿಯಲಿ ಎನ್ನುವುದು ಅವನ ವ್ಯಾಪಾರಿ ಬುದ್ಧಿ. ಬಲಗಣ್ಣಿಗೆ ದೂರದ ಖಾತೆ, ಎಡಗಣ್ಣಿಗೆ ಹತ್ತಿರದ ಖಾತೆ ಎಂದು ತೀರ್ಮಾನವಾಯಿತು. ಕೈ ತೊಳೆದೇ ಮುಟ್ಟಬೇಕು, ಮಲಗುವಾಗ ತೆಗೆಯಬೇಕು ಎಂದು ಗುಲ್ನಾಜ್ ಬಾಯಿಪಾಠ ಮಾಡಿಸಿ ಕಳಿಸಿದಳು.

ಲೆನ್ಸ್ ಕಣ್ಣಿಗೆ ಹೋಗುವುದು ಗುಲ್ನಾಜಳ ಕೈಯಲ್ಲಿ ಒಂದು ಚಿಟಿಕೆಯ ಕೆಲಸವಾಗಿತ್ತು. ಮರುದಿನ ಬೆಳಿಗ್ಗೆ ವಿದ್ಯಾನಗರದ ಮನೆಯಲ್ಲಿ ಅದು ಗಂಡ ಹೆಂಡತಿ ಇಬ್ಬರ ಕೆಲಸವಾಯಿತು. ಪಡಸಾಲೆಯ ಬೆಳಕಿನಲ್ಲಿ ಕೆಂಚವೀರಪ್ಪ ಕುರ್ಚಿಯ ಮೇಲೆ ತಲೆ ಹಿಂದಕ್ಕೆ ಹಾಕಿ ಕೂತ. ಹೆಂಡತಿ ನೇತ್ರಾವತಿ ರೆಪ್ಪೆ ಅಗಲಿಸಿ ಹಿಡಿದಳು. ಅವನು ಬೆರಳು ತಂದ ಕೂಡಲೇ ಕಣ್ಣು ಸಾಲಗಾರನನ್ನು ಕಂಡ ಅಂಗಡಿಯ ಹಾಗೆ ಬಾಗಿಲು ಮುಚ್ಚುತ್ತಿತ್ತು. ಕೊನೆಗೂ ಲೆನ್ಸ್ ಒಳಗೆ ಕೂತಾಗ ಎಡಗಣ್ಣು ಕೆಂಪಾಗಿ, ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು. ಅದೇ ಹೊತ್ತಿಗೆ ಕರಿಬೇವು ಕೇಳಲು ಪಕ್ಕದ ಮನೆಯ ರಂಗವ್ವ ಬಂದಳು.

"ಅಯ್ಯೋ, ಏನಾತ್ರಿ ಅಣ್ಣಾರಿಗೆ?"

ನೇತ್ರಾವತಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. "ಏನಿಲ್ಲ ರಂಗವ್ವ, ಎಡಗಣ್ಣಿಗೆ ಲೆನ್ಸ್ ಹಾಕಿಸ್ಯಾರ," ಎಂದಳು.

ಈಗ ಒಂದು ಮಾತು ಹೇಳಬೇಕು. ಬೇರೆ ಊರಿನಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಕಡೆ ಐವತ್ತು ದಾಟಿದವರು ಒಂದು ಕಣ್ಣಿಗೆ 'ಲೆನ್ಸ್ ಹಾಕಿಸ್ಯಾರ' ಎಂದರೆ ಅದಕ್ಕೆ ಒಂದೇ ಅರ್ಥ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಿದೆ, ಇನ್ನೊಂದು ಕಣ್ಣು ಬಾಕಿ ಇದೆ. ರಂಗವ್ವ ಕರಿಬೇವು ಮರೆತು ಹೋದಳು. ಅವಳು ಬೀದಿಯ ಆ ತುದಿ ಮುಟ್ಟುವ ಮೊದಲೇ ಸುದ್ದಿ ಈ ತುದಿಯಿಂದ ವಾಪಸು ಬಂದಿತು.

ಸಂಜೆಗೆ ಮನೆ ತುಂಬ ಬ್ರೆಡ್ಡು, ಮೋಸಂಬಿ, ಎಳನೀರು. ಅಂಗಡಿಯ ಸಾಲಿನವರು ಬಂದರು, ದೇವಸ್ಥಾನದ ಕಮಿಟಿಯವರು ಬಂದರು, ಹಾಲಿನವನು ಒಳಗೆ ಬಂದು ಒಂದು ಸಲ ಇಣುಕಿ ಹೋದ. ಎಲ್ಲರೂ ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ದನಿ ತಗ್ಗಿಸಿ ಮಾತಾಡಿದರು.

"ಆಪರೇಷನ್ ಅಲ್ರೀ ಇದು," ಎಂದ ಕೆಂಚವೀರಪ್ಪ.

"ಮತ್ತೇನು?" ಎಂದು ಎಲ್ಲರೂ ಒಟ್ಟಿಗೆ ಮುಂದೆ ಬಾಗಿದರು.

ಮತ್ತೇನು ಎಂದು ಹೇಳಬೇಕಾದರೆ ಚಾಳೀಸು ಎನ್ನಬೇಕು. ಚೌಕಿಪೇಟೆಯ ಅರ್ಧ ಜನ ಇಲ್ಲೇ ಕೂತಿದ್ದಾರೆ.

"ಹೂಂ. ಆಪರೇಷನ್ನೇ ಅನ್ನಿ. ಸಣ್ಣದು," ಎಂದ.

ಆ ಮಾತಿಗೆ ಪುರಾವೆ ಕೊಟ್ಟಿದ್ದೂ ಅವನೇ. ಎರಡು ಕಣ್ಣುಗಳಿಗೂ ಇನ್ನೂ ಹೊಂದಾಣಿಕೆ ಆಗಿರಲಿಲ್ಲವಾದ್ದರಿಂದ ಎದುರಿಗಿನ ವಸ್ತು ಎಷ್ಟು ದೂರವಿದೆ ಎನ್ನುವುದರಲ್ಲಿ ಅವಕ್ಕೆ ಭಿನ್ನಾಭಿಪ್ರಾಯವಿತ್ತು. ಬಂದವರಿಗೆ ತಾನೇ ಚಹಾ ಬಗ್ಗಿಸಲು ಹೋಗಿ ಕಪ್ಪಿನ ಪಕ್ಕದಲ್ಲಿ, ಕಮಿಟಿ ಅಧ್ಯಕ್ಷರ ಬಿಳಿ ಪಂಚೆಯ ಮೇಲೆ ಅಚ್ಚುಕಟ್ಟಾಗಿ ಬಗ್ಗಿಸಿದ. ಅಧ್ಯಕ್ಷರು ಎದ್ದು ನಿಂತು, "ಪಾಪ, ಏನೂ ಕಾಣಂಗಿಲ್ಲ," ಎಂದರು. ಪಂಚೆ ಸುಡುತ್ತಿದ್ದರೂ ಅವರ ದನಿಯಲ್ಲಿ ಕರುಣೆಯೇ ಇತ್ತು.

ಮರುದಿನ ಹದಡಿಯಿಂದ ಅಕ್ಕ ಉಚ್ಚೆಂಗೆಮ್ಮ ಮೊದಲ ಬಸ್ಸಿಗೇ ಬಂದಳು. ಅವಳ ಒಂದು ಕೈಯಲ್ಲಿ ಕಣ್ಣಿಗೆ ತಂಪೆಂದು ತಂದ ನಂದಿಬಟ್ಟಲು ಹೂವಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ತನ್ನ ಪೊರೆ ಆಪರೇಷನ್ನಿನಲ್ಲಿ ಕೊಟ್ಟಿದ್ದ ಕರಿ ಕನ್ನಡಕ. ಎರಡೂ ಕಿವಿಯವರೆಗೆ ಮುಚ್ಚುವ, ಎಮ್ಮೆಯ ಕಣ್ಣಿಗೂ ಸಾಲುವಷ್ಟು ದೊಡ್ಡ ಕನ್ನಡಕ.

"ಲೇ ಕೆಂಚ, ಒಡಹುಟ್ಟಿದಾಕಿಗೆ ಒಂದು ಮಾತು ಹೇಳಬಾರದೇನೋ? ಬಗ್ಗಬ್ಯಾಡ. ತಲೆಗೆ ನೀರು ಬ್ಯಾಡ. ಬ್ಯಾಳಿ ಬ್ಯಾಡ. ಇದನ್ನ ಹಾಕ್ಕೋ."

"ಅಕ್ಕಾ, ನನಗ..."

"ಮಾತಾಡಬ್ಯಾಡ. ಹೊಲಿಗೆ ಬಿಚ್ಕೊಂತಾವ."

ಹೀಗೆ ಸಣ್ಣದೊಂದು ಚಾಳೀಸು ಬೇಡವೆಂದವನ ಮೂಗಿನ ಮೇಲೆ ಎಮ್ಮೆ ಕನ್ನಡಕ ಏರಿತು. ನೇತ್ರಾವತಿ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗಂಡನ ಬಾಯಿಂದಲೇ ನಿಜ ಬರಲಿ ಎಂದು ಅವಳು ಹಟ ಹಿಡಿದಿದ್ದಳು.

ಆದರೆ ಉಚ್ಚೆಂಗೆಮ್ಮನ ಪ್ರೀತಿ ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಹರಿಹರಕ್ಕೆ ಫೋನು ಹಚ್ಚಿದಳು. "ಬೀಗ್ತಿ, ನಿಶ್ಚಿತಾರ್ಥ ಮುಂದಕ್ಕೆ ಹಾಕ್ರಿ. ನನ್ ತಮ್ಮನ ಒಂದು ಕಣ್ಣು ಆಪರೇಷನ್ ಆಗೈತೆ. ಇನ್ನೊಂದೂ ನಂಬಂಗಿಲ್ಲ. ನನಗೂ ಆಗೈತೆ, ನಮ್ಮವ್ವಗೂ ಆಗಿತ್ತು. ನಮ್ಮ ವಂಶದ ಕಣ್ಣೇ ಹಂಗೆ."

ಅತ್ತ ಕಡೆ ದಾನಮ್ಮನ ಗಂಡ ತಿಪ್ಪೇರುದ್ರಪ್ಪ ಫೋನು ತೆಗೆದುಕೊಂಡು, "ಹಂಗಾರ ವಿಚಾರ ಮಾಡಿ ತಿಳಿಸ್ತೀವಿ," ಎಂದ. ಸಂಬಂಧ ಕುದುರಿದ ಮೇಲೆ 'ವಿಚಾರ ಮಾಡ್ತೀವಿ' ಎನ್ನುವ ಮಾತಿಗಿಂತ ಕೆಟ್ಟ ಮಾತು ನಮ್ಮಲ್ಲಿ ಇಲ್ಲ.

ಸಂಜೆ ಕೃತಿಕಾಗೆ ಇದು ತಿಳಿಯಿತು. ಅವಳು ಕೂಗಾಡಲಿಲ್ಲ. ಅಪ್ಪನ ಎದುರಿಗೆ ಕೂತು, ಆ ಕರಿ ಕನ್ನಡಕವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

"ಅಪ್ಪಾಜಿ, ಶಿವು ಮನೆಯಾಗ ನಾಲ್ಕು ವರ್ಷ ಕಾದು ಒಪ್ಪಿಸ್ಯಾನ. ನಿಮ್ಮ ಒಂದು ಚಾಳೀಸಿನ ಸಲುವಾಗಿ ಅದು ಮುರಿದು ಬಿದ್ರೆ ನಾನು ಯಾರಿಗೆ ಏನಂತ ಹೇಳ್ಲಿ?"

ಮಗಳ ಕಣ್ಣು ತುಂಬಿದ್ದು ಅವನಿಗೆ ಕಂಡಿತು. ಅಷ್ಟು ಹತ್ತಿರದ್ದು ಅಷ್ಟು ಸ್ಪಷ್ಟವಾಗಿ ಕಾಣದೆ ಬಹಳ ದಿನವಾಗಿತ್ತು. "ನಾಳೆ ನಾನೇ ಹರಿಹರಕ್ಕೆ ಹೋಗ್ತೀನವ್ವ. ನನ್ ಕಣ್ಣು ಚೆನ್ನಾಗದಾವ ಅಂತ ಅವರ ಮುಂದೆ ತೋರಿಸಿ ಬರ್ತೀನಿ," ಎಂದ. ಚಾಳೀಸಿನ ಮಾತು ಎತ್ತದೆಯೇ ತೋರಿಸಿ ಬರಬಹುದು ಎಂಬ ಆಸೆ ಒಳಗೆ ಇನ್ನೂ ಒಂಚೂರು ಉಳಿದಿತ್ತು. ಗಂಡಸಿನ ಜಂಬ ಕರಿಬೇವಿನ ಗಿಡದ ಹಾಗೆ, ಕಡಿದಷ್ಟೂ ಚಿಗುರುತ್ತದೆ.

ಹರಿಹರದ ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಕೆಂಚವೀರಪ್ಪ, ಒಂದು ಪಕ್ಕ ನೇತ್ರಾವತಿ, ಇನ್ನೊಂದು ಪಕ್ಕ ತಮ್ಮ ಎಲ್ಲಿ ಎಡವುತ್ತಾನೋ ಎಂದು ರಟ್ಟೆ ಹಿಡಿದೇ ಕೂತ ಉಚ್ಚೆಂಗೆಮ್ಮ. ಎದುರಿನ ದೇವರ ಜಗುಲಿಯ ಮೇಲೆ ತಾಮ್ರದ ಕೊಡ ಫಳಫಳ ಹೊಳೆಯುತ್ತಿತ್ತು. ಹೆಸರು ಗೋಡೆಯ ಕಡೆಗಿತ್ತು. ಬಾಗಿಲಲ್ಲಿ ನಿಂತಿದ್ದ ಶಿವಕುಮಾರ ಕಣ್ಣಲ್ಲೇ ಧೈರ್ಯ ಹೇಳಿದ.

"ನನ್ ಕಣ್ಣಿಗೆ ಏನೂ ಆಗಿಲ್ರಿ ಬೀಗ್ರ," ಎಂದ ಕೆಂಚವೀರಪ್ಪ. "ಬೇಕಾದ್ರ ಪರೀಕ್ಷೆ ಮಾಡ್ರಿ."

ಹೇಳಬಾರದ ಮಾತನ್ನು ಹೇಳಬಾರದವರ ಮುಂದೆ ಹೇಳಿದ್ದ. ತಿಪ್ಪೇರುದ್ರಪ್ಪ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಕೆಲಸದಲ್ಲಿ ಇದ್ದಷ್ಟು ಕಾಲವೂ ಕಣ್ಣು ಪರೀಕ್ಷೆ ಮಾಡಿಸಿಕೊಂಡ ಮನುಷ್ಯ. ಜೀವನದಲ್ಲಿ ಮೊದಲ ಸಲ ಪರೀಕ್ಷೆ ಮಾಡುವ ಭಾಗ್ಯ ಒದಗಿತ್ತು. ಎದ್ದು ಬಂದು ಗಂಭೀರವಾಗಿ ತನ್ನ ಅಂಗೈಯಿಂದ ಬೀಗರ ಬಲಗಣ್ಣು ಮುಚ್ಚಿದ.

"ಆ ಗೋಡೆ ಮ್ಯಾಲಿನ ಕ್ಯಾಲೆಂಡರ್ ಓದ್ರಿ."

ಎಡಗಣ್ಣು ಹತ್ತಿರದ ಖಾತೆಯದು. ಅದಕ್ಕೆ ಗೋಡೆಯೇ ಮಸುಕಾಗಿ ಕಂಡಿತು. ಕೆಂಚವೀರಪ್ಪ ತೊದಲಿದ. ಅಲ್ಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು.

"ಇರ್ಲಿ, ಆಪರೇಷನ್ ಆದ ಕಣ್ಣು. ಇದನ್ನ ನೋಡೋಣ," ಎಂದು ತಿಪ್ಪೇರುದ್ರಪ್ಪ ಎಡಗಣ್ಣು ಮುಚ್ಚಿದ. ಕ್ಯಾಲೆಂಡರ್ ಕೇಳಿದ್ದರೆ ಗೆಲ್ಲುತ್ತಿತ್ತು. ಅವನು ಕೇಳಲಿಲ್ಲ, ಜೇಬಿನಿಂದ ಮಾತ್ರೆಯ ಚೀಟಿ ತೆಗೆದು ಮೂಗಿನ ಮುಂದೆ ಹಿಡಿದ. ಬಲಗಣ್ಣು ದೂರದ ಖಾತೆಯದು. ಅದಕ್ಕೆ ಅದು ಬರೀ ಇರುವೆ ಸಾಲು.

ತಿಪ್ಪೇರುದ್ರಪ್ಪ ಕೈ ಕೆಳಗಿಳಿಸಿದ. "ಒಂದಕ್ಕೆ ದೂರದ್ದು ಕಾಣಂಗಿಲ್ಲ. ಇನ್ನೊಂದಕ್ಕೆ ಹತ್ತಿರದ್ದು ಕಾಣಂಗಿಲ್ಲ. ಎರಡೂ ಹೋಗ್ಯಾವ," ಎಂದು ತೀರ್ಪು ಕೊಟ್ಟ.

ಉಚ್ಚೆಂಗೆಮ್ಮ ಗೊಳೋ ಎಂದು ಅಳಲು ಶುರು ಮಾಡಿದಳು. "ನನ್ ತಮ್ಮ ಕುರುಡ ಆದ್ನಲ್ಲಪ್ಪೋ!" ದಾನಮ್ಮನ ಅತ್ತೆ, ಮೂಲೆಯಲ್ಲಿ ಕೂತ ಮುದುಕಿ, ಯಾಕೆಂದು ಕೇಳದೆ ತಾನೂ ದನಿಗೂಡಿಸಿದಳು. ಶಿವಕುಮಾರನ ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿ ಕೆಂಚವೀರಪ್ಪನಿಗೆ ನಿನ್ನೆಯ ಮಗಳ ಕಣ್ಣು ನೆನಪಾಯಿತು. ಉಳಿದಿದ್ದ ಒಂಚೂರು ಆಸೆಯೂ ಅಲ್ಲೇ ಉದುರಿಹೋಯಿತು.

ಎದ್ದು ನೇರ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದ. ಎಲ್ಲರ ಎದುರಿಗೆ ನಿಂತು ರೆಪ್ಪೆ ಅಗಲಿಸಿ, ಎಡಗಣ್ಣಿನಿಂದ ಚಿವುಟಿ ತೆಗೆದ.

"ಅಯ್ಯೋ ಶಿವನೇ, ಕಣ್ಣೇ ಕಿತ್ಕೊಂಡ!" ಎಂದು ಮುದುಕಿ ಚೀರಿದಳು.

"ಕಣ್ಣಲ್ಲಬೇ, ಲೆನ್ಸು!" ಎಂದು ಕೆಂಚವೀರಪ್ಪ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದ. "ಆಪರೇಷನ್ನೂ ಇಲ್ಲ, ಪೊರೆನೂ ಇಲ್ಲ. ನನಗ ಚಾಳೀಸು ಬಂದೈತ್ರಿ! ಬಂದು ಭಾಳ ವರ್ಷ ಆತು. ಕನ್ನಡಕ ಹಾಕ್ಕೊಂಡ್ರೆ ಮುದುಕ ಅಂತಾರ ಅಂತ ಇದನ್ನ ಸಿಗಿಸ್ಕೊಂಡಿದ್ದೆ. ನನ್ನ ಜಂಬಕ್ಕೆ ಮಕ್ಕಳ ಮದುವೆ ಕೆಡಿಸಬ್ಯಾಡ್ರಿ."

ಉಚ್ಚೆಂಗೆಮ್ಮ ಅಳುವನ್ನು ಅರ್ಧಕ್ಕೇ ನಿಲ್ಲಿಸಿದಳು.

"ಅಲ್ರಿ ಬೀಗ್ರ," ಎಂದಳು ದಾನಮ್ಮ ನಿಧಾನಕ್ಕೆ. "ನಿಮ್ಮಪ್ಪ ಸಾಯೋತನಕ ಚಾಳೀಸು ಮುಟ್ಲಿಲ್ಲ ಅಂದಿದ್ರಿ?"

"ಅವ್ರಿಗೆ ಓದಾಕ ಬರ್ತಿರಲಿಲ್ರಿ," ಎಂದ ಕೆಂಚವೀರಪ್ಪ.

ದಾನಮ್ಮ ನಗಲು ಶುರು ಮಾಡಿದಳು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ದನಿ ಬಂತು. ನಗುತ್ತಲೇ ಸೆರಗಿನ ಒಳಗೆ ಕೈ ಹಾಕಿ ಬಂಗಾರದ ಬಣ್ಣದ ಕಡ್ಡಿಯ ಒಂದು ಚಾಳೀಸು ಹೊರತೆಗೆದಳು. "ನೀವು ಅವತ್ತು ಮುದುಕ್ರ ಥರ ಕಾಣ್ತಾರ ಅಂದಾಗಿಂದ ನಾನು ಇದನ್ನ ಮೂಗಿಗೆ ಏರಿಸೇ ಇಲ್ಲ ನೋಡ್ರಿ. ಇವತ್ತು ಪಲ್ಯಕ್ಕೆ ಎಷ್ಟು ಉಪ್ಪು ಬಿದ್ದೈತೋ ಶಿವನೇ ಬಲ್ಲ." ಚಾಳೀಸನ್ನು ಠೀವಿಯಿಂದ ಮೂಗಿಗೇರಿಸಿದಳು. "ಕುಡಿಯಾಕ ನೀರು ಕೊಡ್ತೀನಿ, ಕೂಡ್ರಿ. ನಿಮ್ಮ ಕೊಡದಾಗಿಂದೇ ಕೊಡ್ತೀನಿ."

"ಅವ್ವಾ, ನಾನು ತರ್ತೀನಿ," ಎಂದು ಶಿವಕುಮಾರ ಓಡಿ ಬಂದ. ತಡವಾಗಿತ್ತು. ದಾನಮ್ಮ ಕೊಡ ಇಳಿಸಿ ಈ ಕಡೆ ತಿರುಗಿಸಿದ್ದಳು. ಚಾಳೀಸು ಕಣ್ಣಿನ ಮೇಲಿತ್ತು. ಅವಳ ಬಾಯಿ ಅಕ್ಷರ ಅಕ್ಷರವಾಗಿ ಆಡಿತು.

"ದ... ನ... ಮ್ಮ... ನವರಿಗೆ."

ನೇತ್ರಾವತಿ ಶಿವಾ ಶಿವಾ ಎಂದು ಕಣ್ಣು ಮುಚ್ಚಿದಳು. ಕೆಂಚವೀರಪ್ಪನಿಗೆ, ನಿಜವಾಗಿ ಕುರುಡನಾಗಿದ್ದರೇ ವಾಸಿಯಿತ್ತು ಎನಿಸಿತು.

"ನಾನು ಇದನ್ನ ಊರ ಮಂದಿಗೆಲ್ಲ ಕರೆದು ಕರೆದು ತೋರ್ಸೀನಿ," ಎಂದಳು ದಾನಮ್ಮ. ಮನೆಯವರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು. ಮಗನ ಮುಖದ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬೀಗರ ಕಡೆ ತಿರುಗಿದಳು. "ಇಳಿ ಎಲ್ಲಿ ಹೋತ್ರಿ?"

"ಬಿದ್ದು ಹೋತ್ರಿ," ಎಂದ ಕೆಂಚವೀರಪ್ಪ.

ದಾನಮ್ಮ ಒಳಗೆ ಹೋದಳು. ಬರುವಾಗ ಅವಳ ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಮೆಣಸು ಕುಟ್ಟುವ ಗುಂಡುಕಲ್ಲು. ಅವೆರಡನ್ನೂ ಬೀಗರ ಮುಂದಿಟ್ಟು, ತನ್ನ ಚಾಳೀಸು ತೆಗೆದು ಅವನ ಕೈಗೆ ಕೊಟ್ಟಳು.

"ಹಾಕ್ಕೊಳ್ರಿ. ಬಿದ್ದದ್ದನ್ನ ಎತ್ತಿಡ್ರಿ."

ಕೆಂಚವೀರಪ್ಪ ಬಂಗಾರದ ಬಣ್ಣದ ಹೆಂಗಸರ ಚಾಳೀಸು ಏರಿಸಿಕೊಂಡ. ಏರಿಸಿದ ಕೂಡಲೇ ಬೆರಗಾದ. ತಾಮ್ರದ ಮೇಲಿನ ಒಂದೊಂದು ಚುಕ್ಕೆಯೂ ಕಂಡಿತು. ಎಷ್ಟೋ ವರ್ಷದಿಂದ ತಾನು ಬರೆದದ್ದನ್ನು ತಾನೇ ನೋಡಿರಲಿಲ್ಲ. ನೀರು ಖಾಲಿ ಮಾಡಿದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಅವನಪ್ಪ ಮಷಿನ್ನಿಲ್ಲದ ಕಾಲದಲ್ಲಿ ಹೂಬಳ್ಳಿ ಕುಟ್ಟುತ್ತಿದ್ದ ಹಾಗೆ ಟಕ್ ಟಕ್ ಎಂದು ಒಂದೊಂದೇ ಚುಕ್ಕೆ ಕುಟ್ಟಿದ. ಜಾಗ ಸಾಲದೆ ಇಳಿ ಸ್ವಲ್ಪ ಸೊಟ್ಟಗಾಯಿತು. ಆದರೂ ಇಳಿ ಇಳಿಯೇ.

ದಾನಮ್ಮ ಚಾಳೀಸು ವಾಪಸು ಇಸಿದುಕೊಂಡು ಬಗ್ಗಿ ಓದಿದಳು.

"ದಾ... ನಮ್ಮ. ಹಾಂ, ಈಗ ಮನುಷ್ಯಳಾದೆ." ಗಂಡನ ಕಡೆ ನೋ​ಡಿದಳು. ತಿಪ್ಪೇರುದ್ರಪ್ಪ ತಲೆಯಾಡಿಸಿದ. "ಭಾನುವಾರಾನೇ ಬರ್ರಿ ಬೀಗ್ರ, ವಿಚಾರ ಗಿಚಾರ ಏನೂ ಇಲ್ಲ. ಆದ್ರ ಬೆಳ್ಳಿ ತಟ್ಟೆ ಮ್ಯಾಲೆ ಹೆಸರು ಬರಿಯೋವಾಗ ಚಾಳೀಸು ಹಾಕ್ಕೊಂಡೇ ಬರೀರಿ. ನಮ್ಮ ಮನೆಯವರ ಹೆಸರು ಭಾಳ ಸೂಕ್ಷ್ಮ. ನಾನು ಬಾಯಿಬಿಟ್ಟು ಹೇಳಂಗಿಲ್ಲ. ಅರ್ಧಕ್ಕೆ ಕೈ ನಿಂತ್ರ ಊರ ಗೊಬ್ಬರ ಹಾಕೋ ಜಾಗ ಆಗ್ತಾರ."